ಜೋಳಕ್ಕೆ ಪಂಕ್ತಿಭೇದ

ಮನೆಯಲ್ಲಿ ಒಬ್ಬರು ವಿಜ್ಞಾನಿಯಾದರೆ ಉಳಿದವರೆಲ್ಲ ಉಪಕರಣಗಳಾಗುತ್ತಾರೆ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ, ಅನುಭವಿಸಿ ಬರೆಯುತ್ತಿದ್ದೇನೆ. ವಕೀಲರ ಹೆಂಡತಿ ಸಾಕ್ಷಿ ಹೇಳಬೇಕಾಗಿಲ್ಲ, ದರ್ಜಿಯ ಮಕ್ಕಳು ಸೂಜಿಯಾಗಬೇಕಾಗಿಲ್ಲ. ಆದರೆ ವಿಜ್ಞಾನಿಯ ಗಂಡನಾದವನು ಒಂದಲ್ಲ ಒಂದು ದಿನ ತಕ್ಕಡಿಯೋ ಗಡಿಯಾರವೋ ಥರ್ಮಾಮೀಟರೋ ಆಗಲೇಬೇಕು. ನಾನು ಕುಂಚವಾದೆ. ಬಣ್ಣ ಬಳಿಯುತ್ತಾರಲ್ಲ, ಆ ಕುಂಚ. ಅದು ಹೇಗಾಯಿತೆಂದು ಹೇಳಿದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ನಮ್ಮ ಓಣಿಯವರು ಈಗಾಗಲೇ ನಕ್ಕು ಮುಗಿಸಿದ್ದಾರೆ.

ನನ್ನ ಹೆಂಡತಿ ಶೈಲಾ ಧಾರವಾಡದಲ್ಲಿ ಬೆಳೆಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ನಾನು ಹುಬ್ಬಳ್ಳಿಯ ವಿದ್ಯಾನಗರದ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಕಲಿಸುತ್ತೇನೆಂದು ಸಂಬಳ ಕೊಡುವವರು ನಂಬಿದ್ದಾರೆ. ಮದುವೆಯಾದ ಹೊಸದರಲ್ಲಿ ಮನೆ ಎಲ್ಲಿ ಮಾಡಬೇಕೆಂದು ನಮ್ಮಿಬ್ಬರಲ್ಲಿ ಭಾರಿ ಚರ್ಚೆ ನಡೆಯಿತು. ಧಾರವಾಡದ ಹವೆ ತಂಪು, ಜನ ಮೆತ್ತಗೆ ಮಾತಾಡುತ್ತಾರೆ ಎಂದು ಅವಳು. ಹುಬ್ಬಳ್ಳಿಯಲ್ಲಿ ಬೇಕಾದದ್ದು ಬೇಕಾದಾಗ ಸಿಗುತ್ತದೆ, ಮಾತು ಜೋರಾದರೂ ಮನಸ್ಸು ಛಲೋ ಎಂದು ನಾನು. ಕೊನೆಗೆ ತೀರ್ಪು ಕೊಟ್ಟವಳು ನನ್ನ ಅವ್ವ. “ಒಬ್ಬರಿಗೆ ಹತ್ರ, ಒಬ್ಬರಿಗೆ ದೂರ ಆಗೂದು ಬ್ಯಾಡ. ನಡುವ ಮಾಡ್ರಿ,” ಎಂದಳು. ಹೀಗೆ ಎರಡೂ ಊರುಗಳ ನಡುವಿನ ರಾಯಾಪುರದಲ್ಲಿ ನೆಲೆಸಿದೆವು. ಅಂದಿನಿಂದ ಗಂಡ ಹೆಂಡತಿ ಇಬ್ಬರೂ ಸಮಾನವಾಗಿ ಬಸ್ಸಿನಲ್ಲಿ ನಿಂತುಕೊಂಡೇ ಪ್ರಯಾಣ ಮಾಡುತ್ತೇವೆ.

ಶೈಲಾಳ ಸಂಶೋಧನೆ ಜೋಳದ ಮೇಲೆ. ತೆನೆ ಹೊತ್ತ ಜೋಳ ಜೋರು ಗಾಳಿ ಬಂದರೆ ಅಡ್ಡ ಬೀಳುತ್ತದೆ, ಬಿದ್ದರೆ ಕಾಳೂ ಹಾಳು, ದನಕ್ಕೆ ಹಾಕುವ ಕಣಿಕೆಯೂ ಹಾಳು. ಆದರೆ ಎಳೆಯದಿದ್ದಾಗಲೇ ಗಾಳಿಗೆ ಅಲುಗಾಡಿದ, ಯಾರಾದರೂ ಮುಟ್ಟಿ ತಟ್ಟಿದ ಗಿಡ ತುಸು ಗಿಡ್ಡವಾಗಿ, ತುಸು ಗಟ್ಟಿಯಾಗಿ ಬೆಳೆಯುತ್ತದಂತೆ. ಹಾಗಾದರೆ ಮುಟ್ಟಿದ್ದು ಗಿಡಕ್ಕೆ ಹೇಗೆ ಗೊತ್ತಾಗುತ್ತದೆ? ಈ ಪ್ರಶ್ನೆ ನನಗೆಂದೂ ಬಂದಿರಲಿಲ್ಲ. ಅವಳಿಗೆ ಬಂದಿತ್ತು. ಜೀವಕೋಶದ ಪೊರೆಯಲ್ಲಿ ಕಣ್ಣಿಗೆ ಕಾಣದ ಬಾಗಿಲುಗಳಿವೆ ಎಂದು ಒಂದು ಸಲ ರೊಟ್ಟಿ ಬಡಿಯುತ್ತಲೇ ವಿವರಿಸಿದಳು. ಪೊರೆಯನ್ನು ಜಗ್ಗಿದರೆ ಬಾಗಿಲು ತೆರೆಯುತ್ತದೆ, ಹೊರಗಿದ್ದ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಯಾರೋ ಮುಟ್ಟಿದರೆಂಬ ಸುದ್ದಿ ಗಿಡದ ತುಂಬ ಹಬ್ಬುತ್ತದೆ. ಈ ಬಾಗಿಲುಗಳನ್ನು ಕಟ್ಟಿಕೊಡುವ ಜೀನುಗಳು ಒಂದೆರಡಲ್ಲ, ದೊಡ್ಡ ದೊಡ್ಡ ಮನೆತನಗಳೇ ಇವೆ. ಜೋಳದಲ್ಲೂ ಇವೆ, ಗೋಧಿಯಲ್ಲೂ ಇವೆ, ಭತ್ತದಲ್ಲೂ ಇವೆ.

ಮನೆತನ ಎಂದಕೂಡಲೇ ನನಗೆ ವಿಷಯ ಅರ್ಥವಾಯಿತು. ನವಲಗುಂದದ ಕಡೆ ಇರುವ ಅವ್ವನ ತವರುಮನೆ ಹಿಂದೆ ಹಾಗೇ ಇತ್ತು. ಅಣ್ಣತಮ್ಮಂದಿರು, ಅವರ ಮಕ್ಕಳು, ಮಕ್ಕಳ ಮಕ್ಕಳು, ಎಲ್ಲರ ಮೂಗೂ ಒಂದೇ ನಮೂನೆ. ಒಬ್ಬ ಹೊಲಕ್ಕೆ ಹೋಗದಿದ್ದರೆ ಇನ್ನೊಬ್ಬ ಹೋಗುತ್ತಿದ್ದ, ಕೆಲಸ ನಿಲ್ಲುತ್ತಿರಲಿಲ್ಲ. ಹೀಗಾಗಿ ಆ ಮನೆಯಲ್ಲಿ ಖರೇ ದುಡಿಯುವವನು ಯಾರು, ಎಲೆ ಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತು ಬರೀ ಹೂಂಗುಟ್ಟುವವನು ಯಾರು ಎಂದು ಹೊರಗಿನವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಜೋಳದ ಮನೆತನದ ತೊಡಕೂ ಇದೇ. ಒಬ್ಬನನ್ನು ಬಿಡಿಸಿದರೆ ಇನ್ನೊಬ್ಬ ಅವನ ಕೆಲಸ ಎತ್ತಿಕೊಳ್ಳುತ್ತಾನೆ. ಅದಕ್ಕೇ ಗಿಡವನ್ನು ಮುಟ್ಟಿದಾಗ ಆ ಮನೆತನದಲ್ಲಿ ಯಾರು ಎದ್ದು ಓಡುತ್ತಾರೆ, ಯಾರು ಮಗ್ಗುಲು ಬದಲಿಸಿ ಮಲಗುತ್ತಾರೆ ಎಂದು ನೋಡಬೇಕು. ಬಹಳ ವರ್ಷ ಇನ್ನೊಬ್ಬರ ಕೆಲಸದಲ್ಲಿ ಕೈಜೋಡಿಸುತ್ತ ಬಂದ ಶೈಲಾಳಿಗೆ ಇದು ಮೊದಲ ಸ್ವಂತ ಕೆಲಸ. ಹೊರಗಿನಿಂದ ಒಂದು ಸಮಿತಿ ಬಂದು ನೋಡುವುದಿತ್ತು. ಅವರಿಗೆ ಸರಿಯಾಗಿ ತೋರಿಸದಿದ್ದರೆ ಕೆಲಸ ಅವಳ ಕೈಬಿಟ್ಟು ಬೇರೆಯವರ ಪಾಲಾಗುತ್ತಿತ್ತು. ಅವಳು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ದಿನಗಳಲ್ಲಿ ಚಹಾಕ್ಕೆ ಸಕ್ಕರೆ ಬದಲು ಉಪ್ಪು ಹಾಕಿದ್ದಳು, ನಾನು ಸುಮ್ಮನೆ ಕುಡಿದಿದ್ದೆ. ಇದಕ್ಕಿಂತ ಹೆಚ್ಚಿನ ಪ್ರೀತಿ ನನ್ನಿಂದ ಆಗುವುದಿಲ್ಲ.

ಗಿಡಗಳನ್ನು ಅವಳ ಕೆಲಸದ ಜಾಗದಲ್ಲೇ ಇಡಬಹುದಿತ್ತು. ಆದರೆ ಅಲ್ಲಿ ದೊಡ್ಡ ಪಂಖಾ ತಿರುಗುತ್ತದೆ, ಹೋಗುವವರ ಸೆರಗು ಬರುವವರ ಚೀಲ ತಾಗುತ್ತವೆ. ಮುಟ್ಟದ ಗಿಡ ಎಂದರೆ ಗಾಳಿಯೂ ಮುಟ್ಟಿರಬಾರದು. ಹೀಗಾಗಿ ನಮ್ಮ ಮಾಳಿಗೆಯ ಮೇಲಿನ ಕೋಣೆ ಜೋಳದ ಪಾಲಾಯಿತು. ಅದು ಬೀಗರಿಗೆಂದು ಇಟ್ಟ ಕೋಣೆ. ಕಾಟು ಹೊರಗೆ ಹೋಯಿತು, ದೀಪದ ಪಟ್ಟಿಗಳು ಒಳಗೆ ಬಂದವು, ಪಂಖಾದ ಸ್ವಿಚ್ಚಿಗೆ ಟೇಪು ಅಂಟಿಸಲಾಯಿತು. ಕಿಟಕಿಯ ಕಡೆ ಒಂದು ಸಾಲು ಕುಂಡ, ಗೋಡೆಯ ಕಡೆ ಒಂದು ಸಾಲು. ಕಿಟಕಿಯ ಸಾಲನ್ನು ದಿನಾ ಮುಂಜಾನೆ ಮೆತ್ತಗಿನ ಕುಂಚದಿಂದ ಸವರಬೇಕು. ಗೋಡೆಯ ಸಾಲನ್ನು ಮುಟ್ಟಲೇಬಾರದು, ನೀರನ್ನು ಸಹ ಬುಡಕ್ಕೆ ಮೆಲ್ಲಗೆ ಬಿಡಬೇಕು. ಶೈಲಾ ಬೆಳಿಗ್ಗೆ ಲಗೂನೆ ಬಸ್ಸು ಹಿಡಿಯುವವಳು. ನನ್ನ ಪಾಠ ಮಧ್ಯಾಹ್ನ. “ರೀ, ನೀವು ಮುಂಜಾನೆ ಖಾಲೀನ ಇರತೀರಲ್ಲ,” ಎಂದಳು. ಪತ್ರಿಕೆ ಓದುವುದನ್ನು ಖಾಲಿ ಇರುವುದೆಂದು ಕರೆಯುವ ಈ ಸಮಾಜದ ಬಗ್ಗೆ ನನಗೆ ಹೇಳುವುದು ಬಹಳವಿದೆ, ಆದರೆ ಆಗ ಹೇಳಲಿಲ್ಲ.

ಮೊದಲ ವಾರವೇ ಎದುರುಮನೆಯ ಪಾಟೀಲ ಕಾಕಾ ತಮ್ಮ ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತ ಕಿಟಕಿಯಲ್ಲಿ ನನ್ನನ್ನು ನೋಡಿಬಿಟ್ಟರು. “ಸರs, ಜ್ವಾಳಕ್ಕ ಬಣ್ಣಾ ಹಚ್ಚಾಕತ್ತೀರೇನ್ರಿ?” ಎಂದು ಕೂಗಿದರು. ಇಲ್ಲ ಕಾಕಾ, ಮುಟ್ಟುತ್ತಿದ್ದೇನೆ ಎಂದೆ. ಅವರು ಕೈಯಲ್ಲಿದ್ದ ಬಟ್ಟೆಯನ್ನು ಹಗ್ಗಕ್ಕೆ ಹಾಕಿ, “ಹೂಂ, ರಜಾ ಹಾಕ್ರಿ, ಒಂದೆರಡ ದಿನ ಆರಾಮ ತಗೋರಿ,” ಎಂದು ಕೆಳಗಿಳಿದು ಹೋದರು. ಸಂಜೆಯ ಹೊತ್ತಿಗೆ ಇಡೀ ಓಣಿ ನನ್ನ ಆರೋಗ್ಯ ವಿಚಾರಿಸುತ್ತಿತ್ತು.

ಇಲ್ಲಿ ಅವ್ವನ ಬಗ್ಗೆ ಸ್ವಲ್ಪ ಹೇಳಬೇಕು. ಅವ್ವ ಮುಂಜಾನೆ ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿದ ಮೇಲೆಯೇ ಬಾಯಿಗೆ ನೀರು ಹಾಕುವವಳು. ಅವಳ ದೃಷ್ಟಿಯಲ್ಲಿ ಲೋಕದ ಪಾಪಗಳಲ್ಲೆಲ್ಲ ದೊಡ್ಡದು ಪಂಕ್ತಿಭೇದ. ಒಂದೇ ಸಾಲಿನಲ್ಲಿ ಉಣ್ಣಲು ಕೂತವರಿಗೆ ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಬಡಿಸುವುದನ್ನು ಅವಳು ಸಹಿಸಳು. ನಮ್ಮ ಸಂಬಂಧಿಕರೊಬ್ಬರ ಮದುವೆಯಲ್ಲಿ, ಗಂಡಿನ ಕಡೆಯವರ ಎಲೆಗಳಿಗೆ ತುಪ್ಪ ಧಾರಾಳ, ಹೆಣ್ಣಿನ ಕಡೆಯವರಿಗೆ ಹನಿಹನಿ ಬೀಳುವುದನ್ನು ಕಂಡು, ಬಡಿಸುವವನ ಕೈಯಿಂದ ತುಪ್ಪದ ಗಿಂಡಿಯನ್ನೇ ಇಸಿದುಕೊಂಡು ತಾನೇ ಬಡಿಸುತ್ತ ಹೊರಟಿದ್ದಳು. ನಾವು ಗಂಡಿನ ಕಡೆಯವರಾಗಿದ್ದೆವು. ನಾನು ಮತ್ತು ತಂಗಿ ಚಿಕ್ಕವರಿದ್ದಾಗ ಉಂಡಿ ಹಂಚುವಾಗ ಒಂದು ಉಳಿದರೆ ಅದನ್ನು ಒಡೆದು ಇಬ್ಬರಿಗೂ ಕೊಡುತ್ತಿದ್ದಳು. ನಡುವೆ ಉದುರಿದ ಪುಡಿಯನ್ನು ಇರುವೆಗೆ ಬಿಡುತ್ತಿದ್ದಳು. ಅನುಮಾನವಿದ್ದಲ್ಲಿ ಇಬ್ಬರಿಗೂ ಪೆಟ್ಟು ಕೊಡುತ್ತಿದ್ದಳು. ಪೆಟ್ಟಿನಲ್ಲೂ ಭೇದ ಮಾಡಿದವಳಲ್ಲ.

ಇರಲಿ. ಗಿಡ ಮೊಣಕಾಲುದ್ದ ಬಂದ ಮೇಲೆ ಒಂದು ರವಿವಾರ ಬೆಳಿಗ್ಗೆ ಶೈಲಾ ಎರಡೂ ಸಾಲುಗಳಿಂದ ಎಲೆಯ ತುಂಡು ಕತ್ತರಿಸಿ, ಗಿಡಕ್ಕೆ ಅಯ್ಯೋ ಎನ್ನಲೂ ಪುರಸೊತ್ತು ಕೊಡದೆ, ಹೊಗೆಯಾಡುವ ತಣ್ಣನೆಯ ಡಬ್ಬಿಗೆ ಹಾಕಿಕೊಂಡು ಹೋದಳು. ಕೆಲವು ದಿನಗಳ ಮೇಲೆ ಸಂಜೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಅಡಿಗೆಮನೆಗೆ ನುಗ್ಗಿದಳು. “ರೀ, ಎರಡೂ ಸಾಲಿನ್ಯಾಗ ಜೀನು ಎದ್ದಾವರೀ! ಮುಟ್ಟಿದ್ದೂ ಎದ್ದಾವು, ಮುಟ್ಟಲಾರದ್ದೂ ಎದ್ದಾವು. ಮುಟ್ಟಲಾರದ್ದು ಒಂದ ಕೈ ಹೆಚ್ಚs ಎದ್ದಾವು!” ನನಗೆ ಏನೂ ತೋಚದೆ, ಛಲೋ ಆತಲ್ಲ ಎಂದೆ. ಮೊದಲ ಎರಡು ದಿನ ಅವಳು ತಲೆ ಕೆಡಿಸಿಕೊಂಡಿದ್ದಳಂತೆ. ಮೂರನೆಯ ದಿನ ಬಸ್ಸಿನಲ್ಲಿ ನಿಂತಿದ್ದಾಗ ಹೊಳೆಯಿತಂತೆ. ಮುಟ್ಟಿಸಿಕೊಂಡ ಗಿಡ ಯಾವುದೋ ವಾಸನೆಯ ಮೂಲಕ ಗಾಳಿಯಲ್ಲಿ ಪಕ್ಕದ ಸಾಲಿಗೆ ಸುದ್ದಿ ಕಳಿಸಿದೆ! ಹುಳ ಕಡಿದಾಗ ಗಿಡಗಳು ನೆರೆಯವರಿಗೆ ಹೀಗೆ ಎಚ್ಚರಿಕೆ ಕೊಡುವುದುಂಟಂತೆ. ಆದರೆ ಬರೀ ಮುಟ್ಟಿದ್ದಕ್ಕೆ ಇಷ್ಟು ಜೋರಾಗಿ ಸುದ್ದಿ ಹೋಗಿದೆಯೆಂದರೆ ಅದು ಸಣ್ಣ ಮಾತಲ್ಲ. ಸೋಮವಾರ ಸಮಿತಿಯ ಮುಂದೆ ಇದನ್ನೇ ಹೇಳುತ್ತೇನೆ ಎಂದಳು. ಅವಳ ಮುಖ ನೋಡಿ ನನಗೆ ಬಹಳ ಸಂತೋಷವಾಯಿತು. ಅವಳನ್ನು ಅಷ್ಟು ಖುಷಿಯಲ್ಲಿ ನೋಡಿ ಬಹಳ ದಿನವಾಗಿತ್ತು.

ಮರುದಿನ ನಾನು ಕುಂಚ ಆಡಿಸಿ ಕೆಳಗಿಳಿದು ಬಂದೆ, ಕನ್ನಡಕ ಮೇಲೇ ಉಳಿದಿತ್ತು. ತರಲು ಮತ್ತೆ ಹತ್ತಿದೆ. ಕೋಣೆಯೊಳಗೆ ಅವ್ವ ನಿಂತಿದ್ದಳು. ಪೂಜೆ ಆಗಷ್ಟೇ ಮುಗಿದಿತ್ತು, ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಡೆಯ ಸಾಲಿನ ಒಂದೊಂದೇ ಗಿಡವನ್ನು ಬುಡದಿಂದ ತುದಿಯವರೆಗೆ, ಮಗುವಿನ ತಲೆ ನೇವರಿಸುವಂತೆ, ಎರಡೂ ಕೈಯಿಂದ ನೇವರಿಸುತ್ತಿದ್ದಳು.

“ಯವ್ವಾ, ಏನ್ ಮಾಡಾಕತ್ತೀ?” ಎಂದೆ.

“ನೀ ಮಾಡಲಾರದ್ದು ಮಾಡಾಕತ್ತೇನಿ. ದಿನಾ ಎದ್ದು ಆ ಸಾಲಿಗಷ್ಟ ಮುದ್ದು ಮಾಡ್ತಿ. ಇವು ಪಾಪ, ಮಿಕಿಮಿಕಿ ನೋಡಕೋತ ನಿಂದರತಾವು. ಇವೇನ ಸವತಿ ಮಕ್ಕಳೇನೋ ತಮ್ಮಾ? ನಮ್ಮ ಮನ್ಯಾಗ ಪಂಕ್ತಿಭೇದ ನಡ್ಯಾಂಗಿಲ್ಲ.”

“ಯಾವಾಗಿಂದ ಮಾಡಾಕತ್ತೀ?”

“ಮೊಳಕಿ ಒಡದಾಗಿಂದ. ಮತ್ತ ಆ ಕುಂಚ ಬಿಡು. ಕುಂಚ ಹಿಡಕೊಂಡು ಯಾರರ ಮುದ್ದು ಮಾಡ್ತಾರೇನು?”

ಗಾಳಿಯಲ್ಲಿ ಸುದ್ದಿ ಕಳಿಸಿದವರು ಯಾರೆಂದು ನನಗೆ ತಿಳಿಯಿತು. ಕನ್ನಡಕ ಹಾಕಿಕೊಂಡೆ, ಆದರೂ ಕಣ್ಣಿಗೆ ಕತ್ತಲೆ ಬಂದಿತು.

ಈಗ ಒಬ್ಬ ಧೈರ್ಯವಂತ ಗಂಡಸಾಗಿದ್ದರೆ ಏನು ಮಾಡುತ್ತಿದ್ದನೋ ಗೊತ್ತಿಲ್ಲ. ನಾನು ಬೆಳಗಿನ ತಿಂಡಿ ತಿಂದೆ. ಹೆಂಡತಿಗೆ ಹೇಳಿದರೆ ಅವಳ ಖುಷಿ ಮಣ್ಣುಪಾಲು, ಮೇಲಾಗಿ ಅತ್ತೆ ಸೊಸೆಯರ ನಡುವೆ ಇಷ್ಟು ವರ್ಷ ಬಾರದ ಮಾತು ಬಂದೀತು. ಹೇಳದಿದ್ದರೆ ಅವಳು ಸಮಿತಿಯ ಮುಂದೆ ನಿಂತು, ಸುಳ್ಳೆಂದು ಗೊತ್ತಿಲ್ಲದೆ ಸುಳ್ಳು ಹೇಳುತ್ತಾಳೆ. ಇವತ್ತಲ್ಲ ನಾಳೆ ಯಾರಾದರೂ ಅದೇ ಪ್ರಯೋಗ ಮಾಡಿ ನೋಡಿ ಅವಳ ಹೆಸರು ಕೆಡಿಸುತ್ತಾರೆ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ನನ್ನ ಪಾಡಿನಲ್ಲಿ ದರಿಯೂ ನನ್ನ ಮನೆಯವಳೇ, ಪುಲಿಯೂ ನನ್ನ ಮನೆಯವಳೇ. ತಿಂಡಿ ಮುಗಿಯುವ ಹೊತ್ತಿಗೆ ನನಗೊಂದು ಮಹಾ ಉಪಾಯ ಹೊಳೆಯಿತು. ಅವ್ವ ಗೋಡೆಯ ಸಾಲನ್ನು ಮುಟ್ಟುತ್ತಾಳೆ ತಾನೇ? ಹಾಗಾದರೆ ನಾನು ಕಿಟಕಿಯ ಸಾಲನ್ನು ಮುಟ್ಟುವುದು ಬಿಟ್ಟರಾಯಿತು! ಒಂದು ಸಾಲು ಮುಟ್ಟಿದ್ದು, ಒಂದು ಸಾಲು ಮುಟ್ಟದ್ದು. ಮುಂದಿನ ಸಲ ಶೈಲಾ ಎಲೆ ಕತ್ತರಿಸುವ ಮೊದಲು ಕುಂಡಗಳನ್ನು ಆಚೀಚೆ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ವಾಣಿಜ್ಯಶಾಸ್ತ್ರದವನ ತಲೆ ಇಂಥಲ್ಲಿ ಬಲು ಚುರುಕು.

ಎರಡನೆಯ ದಿನ ಅವ್ವ ಚಹಾ ಕೊಡುತ್ತ ಹೇಳಿದಳು, “ತಮ್ಮಾ, ನಿನ್ನಿಯಿಂದ ನೀ ಮ್ಯಾಲ ಹೋಗಿಲ್ಲ. ಮರ್ತಿ ಅಂತ ಕಾಣಸ್ತೈತಿ. ಚಿಂತಿ ಮಾಡಬ್ಯಾಡ, ಎರಡೂ ಸಾಲು ನಾನs ಮಾಡೀನಿ.” ನನ್ನ ಉಪಾಯಕ್ಕೆ ಅಲ್ಲಿಗೆ ಎಳ್ಳು ನೀರು ಬಿಟ್ಟೆ.

ಸಮಿತಿ ಬರುವ ಹಿಂದಿನ ದಿನ ರವಿವಾರ. ಸಂಜೆ ಶೈಲಾಳನ್ನು ಕೆಲಗೇರಿ ಕೆರೆಯ ದಂಡೆಗೆ ಕರೆದುಕೊಂಡು ಹೋದೆ. ಅವಳು ಇದನ್ನು ನನ್ನ ರಸಿಕತೆ ಎಂದುಕೊಂಡಳು. ಖರೇ ಹೇಳಬೇಕೆಂದರೆ, ನಾಲ್ಕು ಜನರ ನಡುವೆ ಧಾರವಾಡದವರು ಕೂಗಾಡುವುದಿಲ್ಲ ಎಂಬ ಭರವಸೆಯ ಮೇಲೆ ಹೋಗಿದ್ದೆ. ಗಿರಮಿಟ್ಟು, ಮಿರ್ಚಿ ಕಟ್ಟಿಸಿಕೊಂಡು ಕೂತೆವು. ಅವಳು ನಾಳೆ ಹೇಗೆ ಶುರು ಮಾಡುತ್ತೇನೆಂದು ಹೇಳತೊಡಗಿದಳು. “ಶೈಲಾ,” ಎಂದೆ, “ಆ ಸುದ್ದಿ ಗಾಳಿಯಾಗ ಬಂದಿಲ್ಲ. ಅವ್ವ ಒಯ್ದಾಳ.” ಆಮೇಲೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ನನ್ನ ಮಹಾ ಉಪಾಯವನ್ನೂ ಹೇಳಿದೆ.

ಅವಳು ಒಂದು ಮಿರ್ಚಿ ತೆಗೆದುಕೊಂಡು ತೊಟ್ಟಿನ ತನಕ ತಿಂದಳು. ಇನ್ನೊಂದು ತಿಂದಳು. ನನ್ನ ಪಾಲಿನದನ್ನೂ ತಿಂದಳು. ಕಣ್ಣಲ್ಲಿ ನೀರು ಬಂದಿತ್ತು, ಅದು ಖಾರದ್ದೋ ಬೇರೆಯದೋ ಕೇಳುವ ಧೈರ್ಯ ನನಗಾಗಲಿಲ್ಲ. ಮಿರ್ಚಿಯ ಕಾಗದ ಮಡಚುತ್ತ, “ಎಷ್ಟ ಛಲೋ ಇತ್ತರೀ ಆ ವಿಚಾರ,” ಎಂದಳು. ಅಷ್ಟೇ. ಅವಳು ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಸೋಮವಾರ ಅವಳು ಸಮಿತಿಯ ಮುಂದೆ ಇದ್ದದ್ದನ್ನು ಇದ್ದ ಹಾಗೇ ಹೇಳಿದಳಂತೆ. ಮುಟ್ಟದ ಸಾಲನ್ನು ಮನೆಯ ಹಿರಿಯರು ಮುಟ್ಟಿದ್ದಾರೆ, ಆದ್ದರಿಂದ ಈ ಫಲಿತಾಂಶ ನಂಬಬೇಡಿ ಎಂದಳಂತೆ. ಸಮಿತಿಯಲ್ಲಿದ್ದ ಮೂವರೂ ಮುಖ ಮುಖ ನೋಡಿಕೊಂಡರಂತೆ. ಅವರಲ್ಲಿ ವಯಸ್ಸಾದವರೊಬ್ಬರು ಯಾಕೆ ಮುಟ್ಟಿದರೆಂದು ಕೇಳಿ, ಕಾರಣ ತಿಳಿದು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ನಕ್ಕರಂತೆ. ಮತ್ತೊಂದು ಸಲ ಬಿತ್ತಿ ತೋರಿಸಲು ಅವಕಾಶ ಕೊಟ್ಟರು. ಇನ್ನೊಂದೇ ಸಲ, ಅದಕ್ಕಿಂತ ಹೆಚ್ಚಿಲ್ಲ ಎಂದೂ ಹೇಳಿದರು.

ಅವ್ವನಿಗೆ ಹೇಗೆ ಹೇಳುವುದು ಎಂಬುದು ಈಗ ಉಳಿದ ಪ್ರಶ್ನೆ. ಪ್ರಯೋಗ, ಹೋಲಿಕೆ, ಜೀನು ಎಂದೆಲ್ಲ ನಾನು ವಿವರಿಸಿ ನೋಡಿದೆ. “ಶಾಣ್ಯಾತನ ಇರಲೆಪಾ, ಒಂದಕ್ಕ ಕೊಟ್ಟು ಒಂದಕ್ಕ ಕೊಡಲಾರದ್ದು ಯಾವ ಶಾಸ್ತ್ರದಾಗ ಐತಿ?” ಎಂದು ಬಾಯಿ ಮುಚ್ಚಿಸಿದಳು. ಆಗ ಶೈಲಾ ಅವಳ ಪಕ್ಕದಲ್ಲಿ ಕೂತು, ಹೂವು ಬಿಡಿಸುತ್ತ ಸಹಜವಾಗಿ ಹೇಳಿದಳು.

“ಅತ್ತಿ, ಗ್ವಾಡಿ ಕಡೆ ಸಾಲು ಮೌನ ಹಿಡದಾವ್ರಿ. ಯಾರೂ ಮುಟ್ಟಬಾರದು, ಸೋಕಬಾರದು. ತೆನಿ ಬರೂತನಾ ವ್ರತ.”

“ವ್ರತ ಹಿಡದಾವಾ? ಅದನ್ನ ಮೊದಲs ಹೇಳಬಾರದೇನವಾ? ನಾನು ದಿನಾ ಹೋಗಿ ಕೆಡಿಸಿದಂಗಾತಲ್ಲ!” ಎಂದು ಅವ್ವ ಗಲ್ಲ ಗಲ್ಲ ಬಡಿದುಕೊಂಡಳು. ವ್ರತ ಹಿಡಿದವರಿಗೆ ಬಡಿಸದಿರುವುದು ಪಂಕ್ತಿಭೇದವಲ್ಲ. ಅಷ್ಟು ದೊಡ್ಡ ಗೋಡೆ ಅಷ್ಟು ಸಣ್ಣ ಮಾತಿಗೆ ಬಿದ್ದುಹೋಯಿತು. ಆಮೇಲೆ ಶೈಲಾ ಮೆಲ್ಲಗೆ, ಕಿಟಕಿಯ ಸಾಲನ್ನು ಇನ್ನುಮುಂದೆ ನೀವೇ ನೋಡಿಕೊಳ್ಳಿ ಎಂದಳು. ನಾನು ಅಲ್ಲೇ ಇದ್ದೆ. ಹಾಗಾದರೆ ನಾನು ಎಂದು ಕೇಳಿದೆ. “ನೀವು ಸವರಿದ ಸಾಲು ಅತ್ತಿಯವರ ಸಾಲಿಗಿಂತ ಕಡಿಮಿ ಎದ್ದಿತ್ತಲ್ರಿ,” ಎಂದಳು. “ಒಂದ ಕೈಯಾಗ ಪೇಪರ ಹಿಡಕೊಂಡು ಇನ್ನೊಂದ ಕೈಲೆ ಕುಂಚ ಆಡಸಿದ್ರ ಅವಕ್ಕ ಹೆಂಗ ಗೊತ್ತಾಗಬೇಕು?” ಇದನ್ನು ಅವಳಿಗೆ ಯಾರು ಹೇಳಿದರೋ. ಪಾಟೀಲ ಕಾಕಾರ ಮೇಲೆ ನನಗೆ ಅನುಮಾನವಿದೆ. ಒಟ್ಟಿನಲ್ಲಿ ನನ್ನ ಸ್ಪರ್ಶದಲ್ಲಿ ಶಕ್ತಿ ಸಾಲದೆಂದು ಪ್ರಯೋಗಾಲಯದಿಂದಲೇ ಸಾಬೀತಾಯಿತು, ಮತ್ತು ಗೋಡೆಯ ಸಾಲನ್ನು ಯಾರೂ ಮುಟ್ಟದಂತೆ ಕಾಯುವ ಕೆಲಸ ನನಗೆ ಬಂದಿತು. ಅದನ್ನು ನಾನು ಅತ್ಯಂತ ಶ್ರದ್ಧೆಯಿಂದ, ಏನೂ ಮಾಡದೆ, ಮಾಡಿದೆ.

ಎರಡನೆಯ ಸಲ ಎಲ್ಲವೂ ಸರಿಯಾಯಿತು. ಕಿಟಕಿಯ ಸಾಲು ಅವ್ವನ ಕೈಯಲ್ಲಿ ಗಿಡ್ಡಗೆ ಗಟ್ಟಿಯಾಗಿ ಬೆಳೆಯಿತು. ಗೋಡೆಯ ಸಾಲು ವ್ರತದಲ್ಲಿ ಉದ್ದಕ್ಕೆ ಬೆಳೆದು ಕೊಂಚ ತೂಗಾಡುತ್ತಿತ್ತು. ಅದನ್ನು ನೋಡಿ ಅವ್ವನಿಗೆ ಜೀವ ತಡೆಯದೆ ದೂರದಿಂದಲೇ ಕೈಮುಗಿದು ಹೋಗುತ್ತಿದ್ದಳು. ಜೋಳದ ಆ ದೊಡ್ಡ ಮನೆತನದಲ್ಲಿ ಮುಟ್ಟಿದ ತಕ್ಷಣ ಎದ್ದು ಓಡುವವರು ಯಾರೆಂದು ಶೈಲಾಳಿಗೆ ಸಿಕ್ಕಿತು. ಉಳಿದವರು ಮಗ್ಗುಲು ಬದಲಿಸಿ ಮಲಗಿದ್ದರಂತೆ. ಸಮಿತಿ ಒಪ್ಪಿತು, ಕೆಲಸ ಅವಳ ಹೆಸರಿನಲ್ಲೇ ಉಳಿಯಿತು.

ಆ ಸಂಜೆ ಅವಳು ಮನೆಗೆ ಬಂದು, ಸುದ್ದಿ ಹೇಳಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಳು. ಗೆದ್ದವಳಂತೆ ಕಾಣಲಿಲ್ಲ, ಬಹಳ ದಣಿದವಳಂತೆ ಕಂಡಳು. ತಲೆಯಲ್ಲಿ ಒಂದಷ್ಟು ಬಿಳಿ ಕೂದಲು ಹೊಸದಾಗಿ ಬಂದಿದ್ದವು, ನಾನು ನೋಡಿರಲಿಲ್ಲ. ಇಷ್ಟು ತಿಂಗಳು ಒಂದು ಗಿಡಕ್ಕೆ ದಿನಾ ಕೈ ತಾಗಿದರೆ ಏನಾಗುತ್ತದೆಂದು ಇಡೀ ಮನೆ ತಲೆ ಕೆಡಿಸಿಕೊಂಡಿತ್ತು. ದಿನಾ ಬಸ್ಸಿನಲ್ಲಿ ನಿಂತು ಬರುವ ಇವಳ ಬಗ್ಗೆ ನನಗೆ ಯಾವತ್ತೂ ಆ ಪ್ರಶ್ನೆ ಬರಲಿಲ್ಲ. ನನಗೆ ಅವಳ ಮೇಲೆ ಬಹಳ ಪ್ರೀತಿ ಬಂದಿತು, ಸ್ವಲ್ಪ ನಾಚಿಕೆಯೂ ಆಯಿತು. ಬಾಯಿಂದ ಹೇಳುವುದು ನಮ್ಮಂಥವರಿಂದ ಆಗದ ಮಾತು. ಅವಳ ಹಿಂದೆ ಹೋಗಿ ನಿಂತು, ಪತ್ರಿಕೆಯನ್ನು ಕೆಳಗಿಟ್ಟು, ಅವಳ ಹೆಗಲ ಮೇಲೆ ಮೆಲ್ಲಗೆ ಕೈ ಇಟ್ಟೆ.

ಶೈಲಾ ಹೌಹಾರಿ ಎದ್ದು ನಿಂತಳು. ಮುಖ ಬಿಳಿಚಿಕೊಂಡಿತ್ತು.

“ಏನಾತರೀ?” ಎಂದಳು. “ಯಾರು ಹೋದ್ರು?”

ಯಾರೂ ಹೋಗಿಲ್ಲವೆಂದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಕೊನೆಗೆ ಒಳಗಿನಿಂದ ಅವ್ವನನ್ನು ಕರೆದು ತಂದು ಎದುರಿಗೆ ನಿಲ್ಲಿಸಬೇಕಾಯಿತು.